ವಿಕಿರಣಶೀಲ ಕ್ಷಯಕ್ಕೂ ಋತುಮಾನ ಇದೆಯೇ?

ಇವತ್ತು ನಾವು ಎತ್ತಿಕೊಳ್ಳುವ ಪ್ರಶ್ನೆ ಸ್ವಲ್ಪ ವಿಚಿತ್ರವಾದದ್ದು. ವಿಕಿರಣಶೀಲ ಪರಮಾಣುಗಳು ಬೇಸಿಗೆಯಲ್ಲಿ ಒಂದು ವೇಗದಲ್ಲಿ, ಚಳಿಗಾಲದಲ್ಲಿ ಇನ್ನೊಂದು ವೇಗದಲ್ಲಿ ಕ್ಷಯಿಸುತ್ತವೆಯೇ?

ನಾವು ಶಾಲೆಯಲ್ಲಿ ಕಲಿತ ಉತ್ತರ: ಇಲ್ಲ. ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1600 ವರ್ಷ. ಕಾಯಿಸಿದರೂ ತಣಿಸಿದರೂ ಈ ಲೆಕ್ಕ ಬದಲಾಗದು. ಲಾಲ್‌ಬಾಗ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ ಅಂತ ಧೈರ್ಯವಾಗಿ ಹೇಳೋದು ಇಂಥ ಸ್ಥಿರತೆಯನ್ನು ನಂಬಿಕೊಂಡೇ.

ಆದರೆ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯ 1982ರಿಂದ 1986ರವರೆಗೆ ಸಿಲಿಕಾನ್-32 ಮತ್ತು ಕ್ಲೋರಿನ್-36 ಎರಡನ್ನೂ ಹೋಲಿಸಿ ಅಳೆದಾಗ, ಅಂಕಿಗಳು ವರ್ಷಕ್ಕೊಮ್ಮೆ ಏರಿ ಇಳಿಯುವುದು ಕಂಡಿತು. ಜರ್ಮನಿಯ ಮಾಪನ ಸಂಸ್ಥೆ ಪಿಟಿಬಿಯ ರೇಡಿಯಂ ಅಳತೆಗಳಲ್ಲೂ ಅದೇ ಕಥೆ. ವ್ಯತ್ಯಾಸ ಸಾವಿರಕ್ಕೆ ಒಂದೆರಡು ಪಾಲಿನಷ್ಟು.

2008ರ ಹೊತ್ತಿಗೆ ಪರ್ಡ್ಯೂ ವಿಶ್ವವಿದ್ಯಾಲಯದ ಜೆಂಕಿನ್ಸ್, ಫಿಶ್‌ಬಾಕ್ ಮತ್ತು ಸಂಗಡಿಗರು ಇದನ್ನು ಸೂರ್ಯನಿಗೆ ಜೋಡಿಸಿದರು. ಭೂಮಿ ಜನವರಿಯಲ್ಲಿ ಸೂರ್ಯನಿಂದ ಸುಮಾರು 14.7 ಕೋಟಿ ಕಿಲೋಮೀಟರ್ ದೂರ, ಜುಲೈನಲ್ಲಿ 15.2 ಕೋಟಿ. ದೂರ ಬದಲಾದಂತೆ ನಮಗೆ ತಲುಪುವ ಸೌರ ನ್ಯೂಟ್ರಿನೊಗಳೂ ಹೆಚ್ಚುಕಡಿಮೆ ಆಗುತ್ತವೆ. ಕ್ಷಯದ ವೇಗವನ್ನು ಅವೇ ಬದಲಿಸುತ್ತಿರಬಹುದೇ ಅನ್ನೋದು ಅವರ ಊಹೆ. ನಿಜವಾಗಿದ್ದರೆ ಭೌತಶಾಸ್ತ್ರದ ಒಂದು ಅಡಿಗಲ್ಲೇ ಅಲುಗಾಡುತ್ತಿತ್ತು.

ಹಾಗಾದರೆ ಪರೀಕ್ಷಿಸೋದು ಹೇಗೆ? ಒಂದು ದಾರಿ, ಸೂರ್ಯನಿಂದ ದೂರವನ್ನೇ ಇನ್ನಷ್ಟು ಬದಲಿಸುವುದು. 1997ರಲ್ಲಿ ಹೊರಟ ಕಾಸಿನಿ ನೌಕೆಗೆ ವಿದ್ಯುತ್ ಕೊಡುತ್ತಿದ್ದದ್ದು ಪ್ಲುಟೋನಿಯಂ-238ರ ಕ್ಷಯದ ಶಾಖ. ಶುಕ್ರನ ಪಕ್ಕದಿಂದ ಹಿಡಿದು ಭೂಮಿಯ ಕಕ್ಷೆಯಾಚೆಗೆ ಹೋದರೂ ಆ ಶಕ್ತಿಯಲ್ಲಿ ಅಂಥ ಏರಿಳಿತ ಕಾಣಲಿಲ್ಲ ಎಂದು 2009ರ ವಿಶ್ಲೇಷಣೆ ತೋರಿಸಿತು.

ಇನ್ನೊಂದು ದಾರಿ, ಬೇರೆ ಬೇರೆ ಉಪಕರಣಗಳಲ್ಲಿ ಅಳೆಯುವುದು. ಸೂರ್ಯನೇ ಕಾರಣವಾದರೆ ಒಂದೇ ವಸ್ತು ಎಲ್ಲ ಕಡೆಯೂ ಒಂದೇ ತಿಂಗಳಲ್ಲಿ, ಒಂದೇ ಪ್ರಮಾಣದಲ್ಲಿ ಏರಿ ಇಳಿಯಬೇಕು ತಾನೇ? 2016ರಲ್ಲಿ ಪ್ರಕಟವಾದ ಅಧ್ಯಯನವೊಂದು 14 ಪ್ರಯೋಗಾಲಯಗಳ ಅಳತೆಗಳನ್ನು ಒಟ್ಟಿಗೆ ನೋಡಿತು. ಕೆಲವು 40 ವರ್ಷಗಳಷ್ಟು ದೀರ್ಘ. ಏರಿಳಿತಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಅತ್ಯಂತ ಸ್ಥಿರವಾದ ಅಳತೆಗಳಲ್ಲಿ ವಾರ್ಷಿಕ ಏರಿಳಿತ ಇದ್ದರೂ ಅದು ಶೇ. 0.008ಕ್ಕಿಂತ ಹೆಚ್ಚಿರಲಾರದು.

ಉಳಿದ ಏರಿಳಿತ ಎಲ್ಲಿಂದ ಬಂತು? ಉಪಕರಣದಿಂದ, ಕೋಣೆಯ ಹವೆಯಿಂದ. ಉಷ್ಣತೆ, ತೇವಾಂಶ ಬದಲಾದರೆ ಗಾಳಿಯ ಸಾಂದ್ರತೆ ಬದಲಾಗುತ್ತೆ, ಎಲೆಕ್ಟ್ರಾನಿಕ್ಸ್ ಕೂಡ ತುಸು ಜಾರುತ್ತೆ. ಪರಮಾಣು ಅಷ್ಟೇ ಸಲ ಒಡೆದರೂ ಎಣಿಕೆಗೆ ಸಿಗುವ ಕಣಗಳು ಬೇರೆಯಾಗುತ್ತವೆ.

ಹಾಗಂತ ಆ ಪ್ರಶ್ನೆ ವ್ಯರ್ಥವಾಗಲಿಲ್ಲ. ಅದನ್ನು ಅಲ್ಲಗಳೆಯಲು ಹೋಗಿಯೇ ಕ್ಷಯದ ಸ್ಥಿರತೆಯನ್ನು ಹಿಂದೆಂದಿಗಿಂತ ಸೂಕ್ಷ್ಮವಾಗಿ ಪರೀಕ್ಷಿಸಿದ್ದಾಯಿತು. ಮುಂದಿನ ಸಲ ಅಳತೆಯೊಂದು ಕುಣಿದರೆ, ಮೊದಲು ತಕ್ಕಡಿಯನ್ನು ನೋಡೋಣ, ಆಮೇಲೆ ಸೂರ್ಯನನ್ನು.