ಊರಲ್ಲಿ ಕಿರುಚಿತ್ರ ತೋರಿಸಲು ಹೊರಟವರಿಗೆ ಕಿವಿಮಾತು

ತಾಲ್ಲೂಕಿನ ಸಭಾಭವನ ಗೊತ್ತುಮಾಡಿ, ಕೈಯಿಂದ ದುಡ್ಡು ಹಾಕಿ ಚಿತ್ರ ಮಾಡಿದ ಹುಡುಗ ಹುಡುಗಿಯರನ್ನು ಕರೆಸಿ, ಒಂದು ಸಂಜೆ ಕಿರುಚಿತ್ರ ತೋರಿಸಬೇಕೆಂದಿದ್ದೀರಿ. ಬಹಳ ಸಂತೋಷ. ಇಂಥ ಚಿತ್ರಗಳಿಗೆ ಟಾಕೀಸು ಸಿಗುವುದಿಲ್ಲ. ಫೋನಿನಲ್ಲಿ ಅರ್ಧ ನೋಡಿ ಮುಂದಕ್ಕೆ ಹೋಗುವವರೇ ಹೆಚ್ಚು. ಕೊನೆಯವರೆಗೂ ಕೂತು ನೋಡಿ, ಆಮೇಲೆ ಬಾಯಿಬಿಟ್ಟು ಮಾತಾಡುವ ಜನ ಅವಕ್ಕೆ ಬೇಕು. ನಿಮ್ಮ ಏರ್ಪಾಡೆಲ್ಲ ಅದಕ್ಕಾಗಿಯೇ ಇರಲಿ.

• ಆಯ್ಕೆಗೆ ಕೂರುವಾಗ ಸಿನಿಮಾ ಗೀಳಿನವರಷ್ಟೇ ಬೇಡ. ಊರಿನ ಒಬ್ಬ ಮೇಷ್ಟ್ರು, ಒಬ್ಬ ಅಂಗನವಾಡಿ ಟೀಚರ್ ಜೊತೆಗಿರಲಿ. ಬಂದ ಪ್ರತಿ ಚಿತ್ರವನ್ನೂ ಪೂರ್ತಿ ನೋಡಿ. ಮೊದಲ ಎರಡು ನಿಮಿಷಕ್ಕೇ ತೀರ್ಪು ಕೊಡುವುದು ಮಾಡಿದವರಿಗೆ ಬಗೆಯುವ ಅನ್ಯಾಯ.

• ನಮ್ಮೂರ ಕಥೆ ಸಣ್ಣದು ಎಂದು ಬದಿಗಿಡಬೇಡಿ. ಅಜ್ಜಿಯೊಬ್ಬಳು ಕೋಳಿ ಎತ್ತಿಕೊಂಡು ಹೋದದ್ದಕ್ಕೆ ಊರಿಗೆ ಬೆಳಗೇ ಆಗದ ಕಥೆ ನಾವೆಲ್ಲ ಕೇಳಿ ಬೆಳೆದದ್ದು. ಅದನ್ನೇ ಇಟ್ಟುಕೊಂಡು ಚಿದಾನಂದ ಎಸ್. ನಾಯ್ಕ್ ಮಾಡಿದ 16 ನಿಮಿಷದ ಕನ್ನಡ ಚಿತ್ರಕ್ಕೆ 2024ರ ಕಾನ್ ಚಿತ್ರೋತ್ಸವದ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಬಂತು.

• ಚಿತ್ರಗಳೆಲ್ಲ ಸೇರಿ ಒಂದೂವರೆ ಗಂಟೆ ಸಾಕು. ಸಾವು ನೋವಿನ ಎರಡು ಚಿತ್ರಗಳನ್ನು ಒಂದರ ಬೆನ್ನಿಗೇ ಇನ್ನೊಂದು ಬರುವಂತೆ ಹಾಕಬೇಡಿ.

• ನೀವು ಹೆಚ್ಚು ಹೊತ್ತು ಕೊಡಬೇಕಾದ್ದು ಸದ್ದಿಗೆ. ಚಿತ್ರ ಕೊಂಚ ಮಸುಕಾದರೂ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ. ಎಷ್ಟೋ ಚಿತ್ರಗಳ ಸದ್ದನ್ನು 5.1 ಸರೌಂಡ್‌ನಲ್ಲಿ ಕೂಡಿಸಿರುತ್ತಾರೆ, ಅದರಲ್ಲಿ ಸಂಭಾಷಣೆ ಬರುವುದು ಹೆಚ್ಚಾಗಿ ನಡುವಿನ ಸ್ಪೀಕರ್‌ನಿಂದ. ನಿಮ್ಮ ಭವನದಲ್ಲಿರುವುದು ಎಡಕ್ಕೊಂದು ಬಲಕ್ಕೊಂದು ಬಾಕ್ಸು. ಸರಿಯಾಗಿ ಜೋಡಿಸದೆ ಹಾಕಿದರೆ ಮಳೆ, ಹಕ್ಕಿ, ಬಸ್ಸಿನ ಹಾರ್ನ್ ಎಲ್ಲ ಕೇಳುತ್ತದೆ, ತಾಯಿ ಮಗನಿಗೆ ಹೇಳಿದ ಮಾತೇ ಕೇಳುವುದಿಲ್ಲ! ಆದ್ದರಿಂದ ಸ್ಟೀರಿಯೊ ಪ್ರತಿಯನ್ನೇ ಕೇಳಿ ತರಿಸಿ. ಹಿಂದಿನ ದಿನವೇ ಫ್ಯಾನುಗಳನ್ನೆಲ್ಲ ಹಾಕಿ, ಕೊನೆಯ ಸಾಲಿನಲ್ಲಿ ಕೂತು ಕೇಳಿ. ಒಂದೊಂದು ಚಿತ್ರಕ್ಕೂ ವಾಲ್ಯೂಮ್ ಎಷ್ಟಿರಬೇಕೆಂದು ಚೀಟಿಯಲ್ಲಿ ಬರೆದು ಆಪರೇಟರ್ ಕೈಗೆ ಕೊಡಿ. ಇಂಟರ್ನೆಟ್ ನೆಚ್ಚಿಕೊಂಡು ಲಿಂಕಿನಿಂದ ಹಾಕಬೇಡಿ, ಫೈಲ್ ಲ್ಯಾಪ್‌ಟಾಪಿನಲ್ಲಿರಲಿ, ಇನ್ನೊಂದು ಪ್ರತಿ ಪೆನ್‌ಡ್ರೈವಿನಲ್ಲಿ.

• ತುಳು, ಕೊಂಕಣಿ, ಬ್ಯಾರಿ, ಕೊಡವ ಚಿತ್ರಗಳನ್ನು ಖಂಡಿತ ತರಿಸಿ, ಕನ್ನಡ ಸಬ್‌ಟೈಟಲ್ ಹಾಕಿಸಿ. ಕೆಲವು ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಹೋಗಿ ಕೂರುತ್ತದೆ. ಕನ್ನಡ ಓದುವವರೊಬ್ಬರು ಪರದೆಯ ಮೇಲೆಯೇ ಒಮ್ಮೆ ಪೂರ್ತಿ ಓದಲಿ.

• ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ.

• ಸಾರ್ವಜನಿಕ ಪ್ರದರ್ಶನಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಪ್ರಮಾಣಪತ್ರ ಬೇಕು; ಚಿತ್ರೋತ್ಸವಗಳು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಕೇಳಬಹುದು. ತಿಂಗಳುಗಟ್ಟಲೆ ಮೊದಲೇ ವಿಚಾರಿಸಿ. ಚಿತ್ರ ಮಾಡಿದವರ ಒಪ್ಪಿಗೆ ಬರಹದಲ್ಲಿರಲಿ. ಅನುಮತಿಯಿಲ್ಲದೆ ಸಿನಿಮಾ ಹಾಡು ಬಳಸಿದ್ದರೆ ಬದಲಿಸಿಕೊಂಡು ಬರಲು ಹೇಳಿ.

• ಚಿತ್ರ ಮಾಡಿದವರಿಂದ ಪ್ರವೇಶ ಶುಲ್ಕ ಕಿತ್ತುಕೊಳ್ಳಬೇಡಿ. ಬಸ್ ಚಾರ್ಜು, ಊಟ, ಉಳಿಯಲು ಯಾರದಾದರೂ ಮನೆ, ಇಷ್ಟಾದರೂ ನಿಮ್ಮ ಹೊಣೆ. ಸ್ಮರಣಿಕೆಯ ದುಡ್ಡನ್ನು ಉಳಿಸಿ ಲಕೋಟೆಯಲ್ಲಿಟ್ಟು ಗೌರವಧನವಾಗಿ ಕೊಡಿ. ಸಾಲ ತೀರಿಸುತ್ತಿರುವವರಿಗೆ ಶಾಲು, ಫಲಕಕ್ಕಿಂತ ಅದು ಹೆಚ್ಚು ಒದಗುತ್ತದೆ.

• ಭಾಷಣ ಬೇಡ, ಸಂವಾದ ಬೇಕು. ಹಳ್ಳಿ ಜನಕ್ಕೆ ಇದೆಲ್ಲ ತಿಳಿಯುವುದಿಲ್ಲ ಎಂದು ಯಾರಾದರೂ ಅಂದರೆ ಒಪ್ಪಬೇಡಿ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನಾಟಕ ಸಂಸ್ಥೆ ನೀನಾಸಮ್ 1973ರಲ್ಲಿ ಚಿತ್ರಸಮಾಜ ಕಟ್ಟಿತು. ಕುರೊಸಾವಾನ 'ರಾಶೋಮನ್', ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ' ಅಡಿಕೆ ತೋಟದ ಊರಿನ ಜನರ ಮುಂದೆ ಬಂದವು. ಜನ ನೋಡಿದರು, ಚರ್ಚೆ ಮಾಡಿದರು. ನಿಮ್ಮ ಸಂವಾದದಲ್ಲಿ ಚಿತ್ರದ ಸಂದೇಶ ಏನು ಎಂದು ಕೇಳಿದರೆ ಸಭೆ ಮೌನವಾಗುತ್ತದೆ. ಯಾವ ದೃಶ್ಯ ಮನಸ್ಸಲ್ಲಿ ಉಳಿಯಿತು ಎಂದು ಕೇಳಿ. ಮೈಕನ್ನು ಮೊದಲು ಹಿಂದಿನ ಸಾಲಿನ ಹೆಣ್ಣುಮಕ್ಕಳ ಹತ್ತಿರ ಒಯ್ಯಿರಿ. ನಿರ್ದೇಶಕರು ಸಮರ್ಥನೆಗೆ ಇಳಿಯದೆ ಮೊದಲು ಕೇಳಿಸಿಕೊಳ್ಳಲಿ. ಈ ಮಾತುಕತೆಗೆಂದೇ ಭವನವನ್ನು ಒಂದು ಗಂಟೆ ಹೆಚ್ಚಿಗೆ ಬಾಡಿಗೆಗೆ ಹಿಡಿಯಿರಿ, ಬೀಗ ಹಾಕುವವರಿಗೂ ಮುಂಚೆಯೇ ತಿಳಿಸಿ. ದೂರದ ಹಳ್ಳಿಯವರಿಗೆ ಕೊನೆಯ ಬಸ್ಸು ತಪ್ಪದಂತೆ ಸಂಜೆ ಐದಕ್ಕೇ ಶುರುಮಾಡಿ.