ಲಾಮಾ ಕ್ಯಾಂಪಿನಲ್ಲಿ ಜೀವಕೋಶದ ಪಾಠ

ಪ್ರಶ್ನೆ: ಮುಂಡಗೋಡದ ಲಾಮಾ ಕ್ಯಾಂಪಿಗೆ ಅಮೆರಿಕದ ಪ್ರೊಫೆಸರುಗಳು ಬಂದು ಲಾಮಾಗಳಿಗೆ ವಿಜ್ಞಾನ ಹೇಳಿಕೊಡುತ್ತಾರೆ ಎಂದು ಕೇಳಿದೆ. ನಿಜವೇ? ಧರ್ಮ ಓದಲು ಬಂದವರಿಗೆ ಜೀವಕೋಶದ ಪಾಠ ಯಾಕೆ? ಅಷ್ಟು ದೂರದಿಂದ ಬರುವವರಿಗೆ ಇದರಿಂದ ಸಿಗುವುದಾದರೂ ಏನು?
– ಓದುಗರೊಬ್ಬರು, ದಾಂಡೇಲಿ

ಉತ್ತರ: ನಿಜ. ಬರುವವರು ಅಟ್ಲಾಂಟ ನಗರದ ಎಮೊರಿ ವಿಶ್ವವಿದ್ಯಾಲಯದ ಬಳಗದವರು. ಮೊದಲು ಒಂದು ಸಣ್ಣ ತಿದ್ದುಪಡಿ. ನಾವು ಕೆಂಪು ವಸ್ತ್ರ ಕಂಡ ಕೂಡಲೇ ಎಲ್ಲರನ್ನೂ ಲಾಮಾ ಎಂದುಬಿಡುತ್ತೇವೆ. ಟಿಬೆಟನ್ನರಲ್ಲಿ ಲಾಮಾ ಎಂದರೆ ಗುರು. ಮುಂಡಗೋಡದ ಪೇಟೆಯಲ್ಲಿ ತರಕಾರಿ ಚೌಕಾಶಿ ಮಾಡುವ ಹುಡುಗ ಇನ್ನೂ ಓದುತ್ತಿರುವ ಭಿಕ್ಷು. ಅವನ ಓದು ಮುಗಿಯಲು ಹದಿನೈದು ಇಪ್ಪತ್ತು ವರ್ಷ ಬೇಕು. ಕೊನೆಗೆ ಸಿಗುವ ಪದವಿಯ ಹೆಸರು ಗೆಶೆ.

ಅವನು ಓದುವ ವಿಹಾರಗಳ ಮೂಲ ಟಿಬೆಟಿನಲ್ಲಿದೆ. ಲ್ಹಾಸಾ ಬಳಿ 1409ರಲ್ಲಿ ಗಾಂದೆನ್, 1416ರಲ್ಲಿ ಡ್ರೆಪುಂಗ್ ಎಂಬ ಮಹಾವಿಹಾರಗಳು ಹುಟ್ಟಿದವು. 1959ರ ನಂತರ ಅಲ್ಲಿಂದ, ಚೀನಾದ ಹಿಡಿತದಿಂದ, ತಪ್ಪಿಸಿಕೊಂಡು ಬಂದ ಭಿಕ್ಷುಗಳು ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಕೋಟೆಯಲ್ಲಿ, ಹತ್ತು ವರ್ಷ ಕಳೆದರು. ಕ್ಷಯಕ್ಕೆ ಅನೇಕರು ಬಲಿಯಾದರು. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದ 1966ರಲ್ಲಿ ಮುಂಡಗೋಡದ ವಸಾಹತು ಆರಂಭವಾಯಿತು. ಭಿಕ್ಷುಗಳು ಬಂದದ್ದು 1969ರಲ್ಲಿ. ಕಾಡು ಕಡಿದು, ಅದೇ ಹೆಸರಿನ ವಿಹಾರಗಳನ್ನು ಮತ್ತೆ ಕಟ್ಟಿ, ಗೋವಿನಜೋಳ ಬಿತ್ತಿ, ನಡುನಡುವೆ ತರ್ಕಶಾಸ್ತ್ರ ಓದಿದರು. ಇಲ್ಲಿಯ ಸೆಕೆಗೆ ಆ ಉಣ್ಣೆಯ ಬಟ್ಟೆಯಲ್ಲಿ ಅವರು ಪಟ್ಟ ಪಾಡು ನಮ್ಮ ಹಿರಿಯರಿಗೆ ನೆನಪಿರಬಹುದು.

ಜೀವಕೋಶ ಯಾಕೆ ಎಂದು ಕೇಳಿದ್ದೀರಿ. ಅವರ ಹಳೆಯ ಗ್ರಂಥಗಳಲ್ಲಿ ಜಗತ್ತಿನ ನಡುವೆ ಮೇರು ಪರ್ವತವಿದೆ, ಸೂರ್ಯ ಚಂದ್ರರು ಅದನ್ನು ಸುತ್ತುತ್ತಾರೆ, ದಕ್ಷಿಣಕ್ಕೆ ನಾವಿರುವ ಜಂಬೂದ್ವೀಪ. ಪೂಜೆಯ ಸಂಕಲ್ಪದಲ್ಲಿ ಭಟ್ಟರು ಹೇಳುವ ಜಂಬೂದ್ವೀಪವೇ ಇದು. ನಾವು ಬೆಳಿಗ್ಗೆ ಸಂಕಲ್ಪ ಮಾಡಿ ಮಧ್ಯಾಹ್ನ ಭೂಗೋಳದ ಪರೀಕ್ಷೆ ಬರೆಯುತ್ತೇವೆ, ಎರಡಕ್ಕೂ ಜಗಳ ಬಿದ್ದದ್ದೇ ಇಲ್ಲ. ದಲೈಲಾಮಾ ಈ ಜಗಳವನ್ನು ಬೇಕೆಂದೇ ಹಚ್ಚಿದರು. ವಿಜ್ಞಾನ ಒಂದು ಸಂಗತಿಯನ್ನು ಸುಳ್ಳೆಂದು ಸಾಧಿಸಿ ತೋರಿಸಿದರೆ ಬೌದ್ಧರು ಅದನ್ನು ಕೈಬಿಡಬೇಕು ಎಂದು 2005ರ ‘ದಿ ಯೂನಿವರ್ಸ್ ಇನ್ ಎ ಸಿಂಗಲ್ ಆಟಮ್’ ಪುಸ್ತಕದಲ್ಲಿ ಬರೆದರು. ಅವರ ಕೋರಿಕೆಯಂತೆ 2006ರಲ್ಲಿ ಎಮೊರಿಯವರು ಭಿಕ್ಷುಗಳಿಗಾಗಿ ವಿಜ್ಞಾನದ ಪಠ್ಯಕ್ರಮಕ್ಕೆ ಕೈಹಾಕಿದರು. 2008ರಿಂದ ಧರ್ಮಶಾಲೆಯಲ್ಲಿ ಪ್ರಯೋಗ ನಡೆದು, 2014ರಲ್ಲಿ ಪಾಠ ಮುಂಡಗೋಡದ ಡ್ರೆಪುಂಗ್, ಗಾಂದೆನ್ ಮತ್ತು ಬೈಲಕುಪ್ಪೆಯ ಸೆರಾ ವಿಹಾರಗಳಿಗೆ ಬಂತು. ಆರು ವರ್ಷದ ಓದು. ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನ. ಅದಕ್ಕೂ ಮೊದಲು, 2013ರ ಜನವರಿಯಲ್ಲಿ, ಡ್ರೆಪುಂಗ್‌ನಲ್ಲಿ ದಲೈಲಾಮಾ ಆರು ದಿನ ವಿಜ್ಞಾನಿಗಳನ್ನು ಎದುರು ಕೂರಿಸಿಕೊಂಡು ಮನಸ್ಸು, ಮಿದುಳು, ಜಡವಸ್ತುಗಳ ಚರ್ಚೆ ನಡೆಸಿದ್ದರು. ಮಿದುಳಿನ ಸಂಶೋಧಕರಾದ ರಿಚರ್ಡ್ ಡೇವಿಡ್‌ಸನ್, ಕ್ರಿಸ್ಟಾಫ್ ಕಾಖ್ ಅವರೂ ಬಂದಿದ್ದರು.

ಪಾಠಕ್ಕೆ ಮೊದಲ ತೊಡಕು ಭಾಷೆ. ಎಲೆಕ್ಟ್ರಾನಿಗೆ ಟಿಬೆಟನ್ನಿನಲ್ಲಿ ಶಬ್ದ ಎಲ್ಲಿದೆ? ಅನುವಾದಕರು ಮಿಂಚಿನ ಶಬ್ದಕ್ಕೆ ಕಣದ ಶಬ್ದ ಸೇರಿಸಿದರು: ಮಿಂಚುಕಣ. ಕಂಪ್ಯೂಟರು ಅವರಿಗೆ ‘ಮಿಂಚಿನ ಮಿದುಳು’. ಜೀವಕೋಶ ‘ಸಣ್ಣ ರಾಶಿ’. ನಮಗಿದು ಹೊಸ ಕಥೆಯಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ತಂದಾಗ ಇದೇ ಕಮ್ಮಟದಲ್ಲಿ ಕೂತಿದ್ದರು. ಒಂದು ವ್ಯತ್ಯಾಸವಿದೆ: ಶಬ್ದ ಬೇಕಾದಾಗ ನಾವು ಸಂಸ್ಕೃತದ ಉಗ್ರಾಣಕ್ಕೆ ಓಡಿದೆವು, ಅವರು ಮನೆಯ ಮಾತನ್ನೇ ಬೆಸೆದರು. ‘ವಿದ್ಯುತ್ಕಣ’ಕ್ಕಿಂತ ‘ಮಿಂಚುಕಣ’ ನನಗಂತೂ ಹೆಚ್ಚು ಇಷ್ಟ.

ಎರಡನೆಯ ತೊಡಕು ಪ್ರಶ್ನೆಗಳದು. ಎಮೊರಿಯ ಜೀವವಿಜ್ಞಾನಿ ಆರಿ ಐಸನ್ ಅವರಿಗೆ ಭಿಕ್ಷುಗಳಿಂದ ಎದುರಾದ ಪ್ರಶ್ನೆ: ಬ್ಯಾಕ್ಟೀರಿಯಾ ಚೇತನವುಳ್ಳ ಜೀವಿಯೇ? ಕಾಲೇಜಿನಲ್ಲಿ ಇದು ಒಂದು ಅಂಕದ ಪ್ರಶ್ನೆಯೂ ಆಗದು. ಟಿಬೆಟನ್ನಿನಲ್ಲಿ ಜೀವಿಗೆ ‘ಸೆಮ್‌ಚೆನ್’ ಎನ್ನುತ್ತಾರೆ, ಮನಸ್ಸುಳ್ಳದ್ದು ಎಂದರ್ಥ. ಅವರ ಲೆಕ್ಕದಲ್ಲಿ ಗಿಡಮರಕ್ಕೆ ಮನಸ್ಸಿಲ್ಲ, ಇರುವೆಗೆ ಇದೆ. ಬ್ಯಾಕ್ಟೀರಿಯಾ ಸಕ್ಕರೆಯ ಕಡೆ ಈಜುತ್ತದೆ, ವಿಷ ಕಂಡರೆ ದೂರ ಸರಿಯುತ್ತದೆ. ಹಾಗಾದರೆ ಅದಕ್ಕೆ ಬಯಕೆಯಿದೆಯೇ? ಇದೆ ಎಂದರೆ ಔಷಧದ ಗುಳಿಗೆ ನುಂಗುವುದು ಕೊಲೆ. ಇಲ್ಲ ಎಂದರೆ ಇರುವೆಗೂ ಇಲ್ಲವೆನ್ನಲು ಏನಡ್ಡಿ? ಪ್ರಾಣಹಿಂಸೆ ಮಾಡೆನೆಂದು ವ್ರತ ತೊಟ್ಟವನಿಗೆ ಇದು ಊಟ ತಿಂಡಿಯಷ್ಟೇ ನಿತ್ಯದ ಸಮಸ್ಯೆ.

ಇಂಥದ್ದನ್ನು ಅವರು ಬಿಡಿಸಲು ಕೂರುವುದು ವಾದದ ಅಂಗಳದಲ್ಲಿ. ಉತ್ತರ ಕೊಡುವವನು ನೆಲದ ಮೇಲೆ ಕೂತಿರುತ್ತಾನೆ, ಪ್ರಶ್ನೆ ಕೇಳುವವನು ನಿಂತಿರುತ್ತಾನೆ. ನಮ್ಮ ಶಾಲೆಯಲ್ಲಿ ಮಾಸ್ತರರು ಕೇಳಿದರೆ ಉತ್ತರಿಸುವ ಹುಡುಗ ಎದ್ದು ನಿಲ್ಲಬೇಕು, ಇಲ್ಲಿ ಲೆಕ್ಕ ತಿರುಗಾಮುರುಗಾ. ನಿಂತವನು ಕಾಲೆತ್ತಿ ನೆಲಕ್ಕೆ ಬಡಿದು, ಅಂಗೈಗೆ ಅಂಗೈ ಚಟ್ಟೆಂದು ಹೊಡೆದು ಪ್ರಶ್ನೆ ಎಸೆಯುತ್ತಾನೆ. ಕೂತವನಿಗೆ ಉದ್ದುದ್ದ ಭಾಷಣಕ್ಕೆ ಅವಕಾಶವಿಲ್ಲ. ಒಪ್ಪಿದೆ, ಯಾಕೆ, ಹೇತು ಸಿದ್ಧವಾಗಿಲ್ಲ, ವ್ಯಾಪ್ತಿ ಇಲ್ಲ – ಇಷ್ಟರಲ್ಲೇ ಮುಗಿಸಬೇಕು. ಹೇತು, ವ್ಯಾಪ್ತಿ ಎಂಬ ಶಬ್ದ ಕೇಳಿ ಸಂಸ್ಕೃತ ಪಾಠಶಾಲೆಯವರ ಕಿವಿ ನೆಟ್ಟಗಾದೀತು. ಹೊಗೆಯಿದ್ದಲ್ಲಿ ಬೆಂಕಿ ಎಂಬ ನ್ಯಾಯಶಾಸ್ತ್ರವೇ ಇದು. ಬೌದ್ಧ ತಾರ್ಕಿಕರಾದ ದಿಙ್ನಾಗ, ಧರ್ಮಕೀರ್ತಿಗಳ ಕೈಯಿಂದ ಹಿಮಾಲಯ ದಾಟಿ ಹೋಗಿ, ಟಿಬೆಟನ್ ವೇಷದಲ್ಲಿ ಮರಳಿದೆ. ಎಲ್ಲಿಗೆ ಮರಳಿದೆ ನೋಡಿ: ಅಶೋಕನ ಕಾಲದಲ್ಲಿ ರಕ್ಖಿತನೆಂಬ ಭಿಕ್ಷುವನ್ನು ವನವಾಸಕ್ಕೆ, ಅಂದರೆ ಪಕ್ಕದ ನಮ್ಮ ಬನವಾಸಿಗೆ, ಕಳಿಸಿದರೆಂದು ಸಿಂಹಳದ ‘ಮಹಾವಂಶ’ ಹೇಳುತ್ತದೆ.

ಇನ್ನು, ಬರುವವರಿಗೆ ಏನು ಸಿಗುತ್ತದೆ? ಈ ದಾರಿಯಲ್ಲಿ ಎರಡೂ ಕಡೆಯಿಂದ ನಡೆದವರು ಲೋಬ್ಸಾಂಗ್ ತೆಂಜಿನ್ ನೇಗಿ. ಹುಟ್ಟಿದ್ದು ಹಿಮಾಚಲದ ಕಿನ್ನೌರ್. 1994ರಲ್ಲಿ ಡ್ರೆಪುಂಗ್ ಲೋಸೆಲಿಂಗ್‌ನಿಂದ ಗೆಶೆ ಪದವಿ, 1999ರಲ್ಲಿ ಎಮೊರಿಯಿಂದ ಪಿಎಚ್‌.ಡಿ. ವಿಹಾರದಲ್ಲಿ ಶತಮಾನಗಳಿಂದ ನಡೆದುಬಂದ ಕರುಣೆಯ ಅಭ್ಯಾಸವನ್ನು ಧರ್ಮದ ಹೆಸರಿಲ್ಲದೆ ಹೇಳಿಕೊಡುವ ತರಬೇತಿಯನ್ನು ಅವರು ಎಮೊರಿಯಲ್ಲಿ ರೂಪಿಸಿದರು. ವಿದ್ಯಾರ್ಥಿಗಳ ಖಿನ್ನತೆಗೆ ಉತ್ತರವಾಗಿ ಶುರುವಾದ ಅದು ಜಾರ್ಜಿಯಾ ರಾಜ್ಯದಲ್ಲಿ ಹೆತ್ತವರಿಂದ ದೂರವಾಗಿ ಬೆಳೆಯುವ ಹದಿಹರೆಯದವರವರೆಗೂ ಹೋಯಿತು. 2010ರಿಂದ ಭಿಕ್ಷುಗಳೂ ಎಮೊರಿಗೆ ಹೋಗಿ ಅಲ್ಲಿಯ ಹುಡುಗರ ಜೊತೆ ಬೆಂಚಿನಲ್ಲಿ ಕೂತು ವಿಜ್ಞಾನ ಓದಿ, ಮರಳಿ ಬಂದು ಇಲ್ಲಿ ಕಲಿಸುತ್ತಿದ್ದಾರೆ. ಪ್ರೊಫೆಸರುಗಳಿಗೆ ಇನ್ನೂ ಒಂದು ಲಾಭವಿದೆ. ಅಂಕಕ್ಕಾಗಿ ಓದದ, ಒಪ್ಪಿಗೆಯಾಗುವವರೆಗೆ ಬಿಡದ ವಿದ್ಯಾರ್ಥಿ ಯಾವ ಮಾಸ್ತರರಿಗೆ ಸುಲಭವಾಗಿ ಸಿಗುತ್ತಾನೆ?

ಅಟ್ಲಾಂಟಕ್ಕೂ ಲ್ಹಾಸಾಕ್ಕೂ ಮುಂಡಗೋಡದಲ್ಲಿ ಇಷ್ಟು ಮಾತುಕತೆ ನಡೆಯುವಾಗ ನಮ್ಮವರ ಒಡನಾಟ ಹೆಚ್ಚಾಗಿ ಮೊಮೊ, ಸ್ವೆಟರ್‌ಗಳಿಗೇ ನಿಂತಿರುವುದು ನನಗೆ ಕಸಿವಿಸಿ. ‘ಮಿಂಚುಕಣ’ ಕಟ್ಟಿದವರ ಜೊತೆ ನಮ್ಮ ಕನ್ನಡ ವಿಜ್ಞಾನ ಬರಹಗಾರರು ಒಂದು ಮಧ್ಯಾಹ್ನ ಕೂತರೂ ಸಾಕಿತ್ತು.

ನೀವು ಹೋಗಿ ಬನ್ನಿ. ವಸಾಹತಿನಲ್ಲಿ ತಂಗಲು ವಿದೇಶೀಯರಿಗೆ ಕೇಂದ್ರ ಗೃಹ ಇಲಾಖೆಯ ಪರವಾನಗಿ ಬೇಕು, ನಮಗೆ ಬೇಕಿಲ್ಲ. ಸಂಜೆಯ ವೇಳೆಗೆ ಲಾಮಾ ಕ್ಯಾಂಪ್ ತಲುಪುವಂತೆ ಹೊರಡಿ. ಚಪ್ಪಾಳೆಯ ಸದ್ದು ಕೇಳಿದ ಕಡೆಗೆ ನಡೆದರಾಯಿತು.