ಸಣ್ಣ ಉಪಗ್ರಹಕ್ಕೊಂದು ವಿದ್ಯುತ್ ಎಂಜಿನ್

ಉದ್ದ, ಅಗಲ, ಎತ್ತರ ಮೂರೂ 10 ಸೆಂಟಿಮೀಟರ್ ಇರುವ ಒಂದು ಪೆಟ್ಟಿಗೆ. ಇಂಥ ಪೆಟ್ಟಿಗೆಗಳನ್ನು ಒಂದು, ಮೂರು, ಆರು, ಹನ್ನೆರಡು ಎಂದು ಜೋಡಿಸಿ ಕಟ್ಟುವ ಉಪಗ್ರಹಕ್ಕೆ ಕ್ಯೂಬ್‌ಸ್ಯಾಟ್ ಎನ್ನುತ್ತಾರೆ. ವಿದ್ಯಾರ್ಥಿಗಳು ಉಪಗ್ರಹವನ್ನು ತಾವೇ ಕಟ್ಟಿ ಕಲಿಯಲಿ ಎಂದು 1999ರಲ್ಲಿ ಅಮೆರಿಕದ ಪ್ರಾಧ್ಯಾಪಕರಾದ ಜೋರ್ಡಿ ಪುಯಿಗ್-ಸುವಾರಿ ಮತ್ತು ಬಾಬ್ ಟ್ವಿಗ್ಸ್ ಈ ಅಳತೆಯನ್ನು ಗೊತ್ತುಮಾಡಿದರು.

ಬಹುಕಾಲ ಇವುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ನೇ ಇರಲಿಲ್ಲ. ರಾಕೆಟ್ ಎಲ್ಲಿ ಬಿಟ್ಟಿತೋ ಅಲ್ಲೇ ಸುತ್ತಬೇಕು. 500 ಕಿಲೋಮೀಟರ್ ಎತ್ತರದಲ್ಲೂ ಅತಿ ತೆಳುವಾದ ಗಾಳಿ ಇದೆ. ಅದರ ತಡೆಗೆ ಸಿಕ್ಕಿ ಉಪಗ್ರಹ ಮೆಲ್ಲಗೆ ಇಳಿಯುತ್ತದೆ. ಎತ್ತರ ಕಾಯ್ದುಕೊಳ್ಳಲು, ಎದುರಾಗುವ ಬಾಹ್ಯಾಕಾಶ ಕಸದ ಚೂರುಗಳಿಂದ ತಪ್ಪಿಸಿಕೊಳ್ಳಲು, ಕೆಲಸ ಮುಗಿದ ಮೇಲೆ ಬೇಗ ಕೆಳಗಿಳಿದು ಜಾಗ ಖಾಲಿಮಾಡಲು ಎಂಜಿನ್ ಬೇಕು. ಭೂಮಿಗೆ ಹತ್ತಿರದ ಕಕ್ಷೆಯ ಉಪಗ್ರಹಗಳು ಕೆಲಸ ಮುಗಿದ 5 ವರ್ಷದೊಳಗೆ ಇಳಿಯಬೇಕೆಂದು ಅಮೆರಿಕ 2022ರಲ್ಲಿ ನಿಯಮ ಮಾಡಿತು. ಅದಕ್ಕೆ ಮೊದಲು 25 ವರ್ಷದ ಅವಕಾಶವಿತ್ತು.

ಯಾವ ರಾಕೆಟ್ ಎಂಜಿನ್ ಆದರೂ ಮಾಡುವ ಕೆಲಸ ಒಂದೇ: ಏನನ್ನಾದರೂ ಹಿಂದಕ್ಕೆ ಎಸೆದು ತಾನು ಮುಂದೆ ಹೋಗುವುದು. ಹೆಚ್ಚು ವೇಗವಾಗಿ ಎಸೆದಷ್ಟೂ ಕಡಿಮೆ ವಸ್ತು ಸಾಕು. ಇಂಧನ ಉರಿಸುವ ಸಣ್ಣ ಎಂಜಿನ್‌ಗಳಲ್ಲಿ ಅನಿಲ ಸೆಕೆಂಡಿಗೆ 2ರಿಂದ 3 ಕಿಲೋಮೀಟರ್ ವೇಗದಲ್ಲಿ ಹೊರಬೀಳುತ್ತದೆ. ರಾಸಾಯನಿಕ ಕ್ರಿಯೆಯಲ್ಲಿ ಸಿಗುವ ಶಕ್ತಿಗೆ ಮಿತಿ ಇರುವುದರಿಂದ ಆ ವೇಗಕ್ಕೂ ಮಿತಿ ಇದೆ. ವಿದ್ಯುತ್ ಎಂಜಿನ್ ಈ ಮಿತಿಯನ್ನು ದಾಟುತ್ತದೆ. ಕ್ಸೆನಾನ್ ಅನಿಲದ ಪರಮಾಣುವಿಗೆ ಎಲೆಕ್ಟ್ರಾನ್ ಬಡಿದಾಗ ಅದರದೇ ಒಂದು ಎಲೆಕ್ಟ್ರಾನ್ ಕಳಚಿಹೋಗುತ್ತದೆ. ಉಳಿದದ್ದು ಧನಾವೇಶವುಳ್ಳ ಅಯಾನು. ಅದನ್ನು 300 ವೋಲ್ಟ್ ವಿದ್ಯುತ್ ಕ್ಷೇತ್ರದಲ್ಲಿ ಬಿಟ್ಟರೆ ಸೆಕೆಂಡಿಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿ ಚಿಮ್ಮುತ್ತದೆ.

ಈಗ ಒಂದು ಲೆಕ್ಕ ಮಾಡೋಣ. ಉಪಗ್ರಹದ ತೂಕ 10 ಕಿಲೋ, ಎಂಜಿನ್ನಿನ ನೂಕುಬಲ 1 ಮಿಲಿನ್ಯೂಟನ್ ಎಂದಿಟ್ಟುಕೊಳ್ಳಿ. ಎ4 ಹಾಳೆಯೊಂದನ್ನು ಐವತ್ತು ಚೂರು ಮಾಡಿ, ಒಂದು ಚೂರನ್ನು ಅಂಗೈ ಮೇಲಿಟ್ಟರೆ ಅದು ಒತ್ತುವ ಬಲ ಇಷ್ಟೇ. ಆದರೆ 500 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ತಡೆ ತೀರಾ ಕಡಿಮೆ, ಎಂಜಿನ್ ದಿನವಿಡೀ ಓಡಬಲ್ಲದು. ಒಂದು ದಿನಕ್ಕೆ 86,400 ಸೆಕೆಂಡು. ಅಷ್ಟೂ ಹೊತ್ತು ನೂಕಿದರೆ ವೇಗದಲ್ಲಿ ಸೆಕೆಂಡಿಗೆ 8.6 ಮೀಟರ್ ಬದಲಾವಣೆ ತರುವಷ್ಟು ಕೆಲಸವಾಗುತ್ತದೆ. 500 ಕಿಲೋಮೀಟರ್ ಕಕ್ಷೆಯನ್ನು ಸುಮಾರು 15 ಕಿಲೋಮೀಟರ್ ಮೇಲೇರಿಸಲು ಇದು ಸಾಕು. ಖರ್ಚಾಗುವ ಅನಿಲ 4 ಗ್ರಾಂ ಚಿಲ್ಲರೆ. ಸೆಕೆಂಡಿಗೆ 2 ಕಿಲೋಮೀಟರ್ ವೇಗದಲ್ಲಿ ಎಸೆಯುವ ಎಂಜಿನ್‌ಗೆ ಇದೇ ಕೆಲಸಕ್ಕೆ 43 ಗ್ರಾಂ ಬೇಕು. ಸಣ್ಣ ಬಲ, ದೀರ್ಘ ಸಮಯ: ಈ ವಿದ್ಯೆಯ ತಿರುಳು ಇದೇ.

ಇಲ್ಲಿ ಹೊಸಬರು ಮರೆಯುವ ಭಾಗವೊಂದಿದೆ. ಧನಾವೇಶದ ಅಯಾನುಗಳನ್ನೇ ಹೊರಹಾಕುತ್ತಾ ಹೋದರೆ ಉಪಗ್ರಹದಲ್ಲಿ ಋಣಾವೇಶ ಕೂಡಿಕೊಂಡು, ಹೊರಟ ಅಯಾನುಗಳನ್ನೇ ಹಿಂದಕ್ಕೆಳೆಯುತ್ತದೆ. ಅದಕ್ಕಾಗಿ ಅಷ್ಟೇ ಎಲೆಕ್ಟ್ರಾನ್‌ಗಳನ್ನು ಹೊರಬಿಡುವ ಕ್ಯಾಥೋಡ್ ಪಕ್ಕದಲ್ಲೇ ಇರಬೇಕು. ಸಾಮಾನ್ಯವಾಗಿ ಇದನ್ನು ಮೊದಲು ಹೀಟರ್‌ನಿಂದ ಕಾಯಿಸಬೇಕಾಗುತ್ತದೆ. ಆ ಹೀಟರ್ ಕೆಟ್ಟರೆ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಬೆಂಗಳೂರಿನ ಬೆಲ್ಲಾಟ್ರಿಕ್ಸ್ ಏರೋಸ್ಪೇಸ್ ಹೀಟರ್ ಇಲ್ಲದ ಕ್ಯಾಥೋಡ್ ತಯಾರಿಸಿತು. 2024ರ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ-ಸಿ58 ರಾಕೆಟ್ಟಿನ ಕೊನೆಯ ಹಂತವನ್ನು ಇಸ್ರೋ ಪ್ರಯೋಗಗಳ ವೇದಿಕೆಯಾಗಿ ಬಳಸಿದಾಗ, ಈ ಕ್ಯಾಥೋಡ್ ಕೂಡ ಅದರ ಮೇಲಿತ್ತು.

ಹಾಗಾದರೆ ದೊಡ್ಡ ಉಪಗ್ರಹದ ವಿದ್ಯುತ್ ಎಂಜಿನ್ನನ್ನೇ ಕ್ಯೂಬ್‌ಸ್ಯಾಟ್‌ಗೆ ಕುಗ್ಗಿಸಿದರೆ ಆಗದೇ? ಆಗದು. ಅನಿಲ ಅಯಾನುಗಳಾಗುವ ಕೋಣೆ ಕಿರಿದಾದಷ್ಟೂ ಒಳಗಿನ ಜಾಗಕ್ಕೆ ಹೋಲಿಸಿದರೆ ಗೋಡೆ ಹೆಚ್ಚಾಗುತ್ತದೆ. ಅಯಾನುಗಳು ಹೊರಬರುವ ಮೊದಲೇ ಗೋಡೆಗೆ ಬಡಿದು ಆವೇಶ ಕಳೆದುಕೊಳ್ಳುತ್ತವೆ. ಅದಕ್ಕೆ ಹಾಕಿದ ವಿದ್ಯುತ್ತೂ ವ್ಯರ್ಥ. ಕ್ಸೆನಾನ್‌ಗಂತೂ ಅಧಿಕ ಒತ್ತಡದ ಸಿಲಿಂಡರ್ ಬೇರೆ ಬೇಕು.

ಈ ತೊಡಕುಗಳಿಗೆ ಹೊಸ ದಾರಿಗಳು ಹುಟ್ಟಿವೆ. ಆಸ್ಟ್ರಿಯಾದ ಎನ್‌ಪಲ್ಷನ್ ಕಂಪನಿ ಕೋಣೆಯನ್ನೇ ಕೈಬಿಟ್ಟಿತು. ಇಂಡಿಯಂ ಎಂಬ ಲೋಹ 157 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ. ಕರಗಿದ ಲೋಹ ಸೂಜಿಯಂಥ ಮೊನೆಗಳಿಗೆ ಹರಿದುಬಂದಾಗ, ಸಾವಿರಾರು ವೋಲ್ಟ್ ವಿದ್ಯುತ್ತು ಅಲ್ಲಿಂದ ನೇರವಾಗಿ ಅಯಾನುಗಳನ್ನು ಕೀಳುತ್ತದೆ. ಫ್ರಾನ್ಸಿನ ಥ್ರಸ್ಟ್‌ಮಿ ಕಂಪನಿ ಅಯೋಡಿನ್ ಹಿಡಿಯಿತು. ಅಯೋಡಿನ್ ಘನವಸ್ತು, ಒತ್ತಡದ ಸಿಲಿಂಡರ್ ಬೇಡ. ಹದವಾಗಿ ಕಾಯಿಸಿದರೆ ಕರಗದೆ ನೇರವಾಗಿ ಆವಿಯಾಗುತ್ತದೆ. 2020ರ ನವೆಂಬರ್‌ನಲ್ಲಿ ಚೀನಾದ ಒಂದು ಕ್ಯೂಬ್‌ಸ್ಯಾಟ್‌ನಲ್ಲಿ ಹೋದ ಈ ಎಂಜಿನ್, ಹಲವು ಸಲ ಓಡಿ ಒಟ್ಟು 3 ಕಿಲೋಮೀಟರ್‌ಗೂ ಹೆಚ್ಚು ಎತ್ತರ ಬದಲಿಸಿತು. ಫಲಿತಾಂಶ 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇನ್ನು ಮುಂದೆ ಇಂಥ ಎಂಜಿನ್ನಿನ ಸುದ್ದಿ ಓದುವಾಗ ಮೂರು ಸಂಖ್ಯೆ ಹುಡುಕಿ: ನೂಕುಬಲ ಎಷ್ಟು, ಅಯಾನುಗಳ ವೇಗ ಎಷ್ಟು, ಎಷ್ಟು ವ್ಯಾಟ್ ಬೇಕು. ಮೂರನೆಯದನ್ನು ಬಿಡಲೇಬೇಡಿ. ವೇಗ ಹೆಚ್ಚಿದರೆ ಅನಿಲ ಉಳಿಯುತ್ತದೆ, ಆದರೆ ಅಷ್ಟೇ ನೂಕುಬಲಕ್ಕೆ ಹೆಚ್ಚು ವಿದ್ಯುತ್ ಬೇಕಾಗುತ್ತದೆ. ನಮ್ಮ ಲೆಕ್ಕದ 1 ಮಿಲಿನ್ಯೂಟನ್‌ಗೆ ಚಿಮ್ಮುವ ಅಯಾನುಗಳಲ್ಲೇ 10 ವ್ಯಾಟ್ ಹೋಗುತ್ತದೆ. ನಷ್ಟಗಳನ್ನು ಸೇರಿಸಿದರೆ ಅದರ ಮೂರು-ನಾಲ್ಕು ಪಟ್ಟು ಬೇಕು. ಅಷ್ಟನ್ನೂ ಪುಟ್ಟ ಸೌರಫಲಕಗಳೇ ಕೊಡಬೇಕು. ಇಲ್ಲಿ ಎಂಜಿನಿಯರ್ ತೂಗಿ ನೋಡುವುದು ಗ್ರಾಂ ಮತ್ತು ವ್ಯಾಟ್‌ಗಳನ್ನು. ಆ ತಕ್ಕಡಿ ನಿಮಗೆ ಅರ್ಥವಾದರೆ ಉಳಿದ ಪಾಠ ತಾನಾಗಿ ಹಿಡಿಯುತ್ತದೆ.